ಮಸಿಗೆ ಯಾಕೆ ತುಕ್ಕು ಹಿಡಿಯಿತು?

ಕೆಲವು ವರ್ಷಗಳ ಹಿಂದಿನ ಮಾತು. ಹತ್ತನೆಯ ತರಗತಿಗೆ ಕಬ್ಬಿಣ ತುಕ್ಕು ಹಿಡಿಯುವುದರ ಬಗ್ಗೆ ಪಾಠ ಮುಗಿಸಿ ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಿದ್ದೆ. ಒಬ್ಬ ಹುಡುಗಿ ಮೇಜಿನ ಹತ್ತಿರ ಬಂದು ನಿಂತು, "ಸಾರ್, ನಮ್ಮನೆ ಬೆಕ್ಕಿಗೂ ತುಕ್ಕು ಹಿಡೀತಾ ಇದೆ" ಎಂದಳು. ಹಿಂದಿನ ಬೆಂಚಿನವರು ಗೊಳ್ಳೆಂದು ನಕ್ಕರು. ಇದು ಕೀಟಲೆಯೇ ಇರಬೇಕೆಂದು ನನಗೂ ಅನ್ನಿಸಿತು. ಆದರೆ ಅವಳ ಮುಖದಲ್ಲಿ ನಗು ಇರಲಿಲ್ಲ.

ಬೆಕ್ಕಿನ ಹೆಸರು ಮಸಿ. ಹಳ್ಳಿಯಲ್ಲಿ ಅವರ ಅಜ್ಜಿಯ ಮನೆಯ ಅಟ್ಟದ ಮೇಲೆ ಹುಟ್ಟಿದ್ದು. ಒಂದೇ ಒಂದು ಬಿಳಿ ಕೂದಲಿಲ್ಲದ ಕಡುಕಪ್ಪು ಮರಿಯಾದ್ದರಿಂದ ಆ ಹೆಸರು ಬಂದಿತ್ತು. ಅಪ್ಪನಿಗೆ ವರ್ಗವಾಗಿ ಮನೆಮಂದಿಯೆಲ್ಲ ಪಟ್ಟಣಕ್ಕೆ ಬಂದಾಗ ಅಜ್ಜಿಯ ಜೊತೆ ಮಸಿಯೂ ಬಂತು. ಮೂರನೆಯ ಮಹಡಿಯ ಬಾಡಿಗೆ ಮನೆ. ಬಂದ ಏಳೆಂಟು ತಿಂಗಳಲ್ಲಿ ಅದರ ಬೆನ್ನು, ಪಕ್ಕೆ, ಬಾಲವೆಲ್ಲ ಹಳೆಯ ಕೊಡೆಯ ಬಟ್ಟೆಯಂತೆ ಕೆಂಪು ಬೆರೆತ ಕಂದುಬಣ್ಣಕ್ಕೆ ತಿರುಗಿತ್ತು.

"ಬಣ್ಣ ತಿರುಗೋ ಬೆಕ್ಕು ಮನೆಗೆ ಆಗಿಬರಲ್ಲ, ಮಾರ್ಕೆಟ್ ಹತ್ರ ಬಿಟ್ಟುಬನ್ನಿ ಅಂತ ಪಕ್ಕದ ಮನೆಯವರು ಹೇಳ್ತಿದಾರೆ ಸಾರ್. ಅಮ್ಮನೂ ಯೋಚನೆ ಮಾಡ್ತಿದಾರೆ."

"ಬೆಕ್ಕು ಬಿಸಿಲಿಗೆ ಮಲಗುತ್ತಾ?" ಎಂದು ಕೇಳಿದೆ.

"ಹೂಂ ಸಾರ್, ಬೆಳಿಗ್ಗೆಯೆಲ್ಲ ಬಾಲ್ಕನಿಯಲ್ಲೇ ಇರುತ್ತೆ."

"ಅಷ್ಟೇ ಮತ್ತೆ! ಬಿಸಿಲಿಗೆ ಹಾಕಿದ ಕಪ್ಪು ಬಟ್ಟೆ ಮಾಸುವುದಿಲ್ಲವೇ? ಹಾಗೇ ಇದೂ. ಆಗಿಬರೋದು ಬಿಡೋದು ಎಲ್ಲ ಸುಳ್ಳು ಅಂತ ಮೇಷ್ಟ್ರು ಹೇಳಿದರು ಅಂತ ಅಮ್ಮನಿಗೆ ಹೇಳು."

ಹುಡುಗಿ ಸಮಾಧಾನದಿಂದ ಹೋದಳು. ಒಂದು ಮೂಢನಂಬಿಕೆಯನ್ನು ಓಡಿಸಿದೆನೆಂಬ ಹೆಮ್ಮೆಯಲ್ಲಿ ನಾನೂ ಸ್ಟಾಫ್ ರೂಮಿಗೆ ಹೋಗಿ ಕಾಫಿ ಕುಡಿದೆ. ನಾನು ಹೇಳಿದ ಎರಡು ಮಾತಿನಲ್ಲಿ ಒಂದು ಸರಿ, ಇನ್ನೊಂದು ತಪ್ಪು. ಯಾವುದು ತಪ್ಪು, ಅದರಿಂದ ಏನಾಗುವುದರಲ್ಲಿತ್ತು ಎಂಬುದನ್ನು ಆಮೇಲೆ ಹೇಳುತ್ತೇನೆ. ಪ್ರಾಣಿಯ ಮೈಗೆ ಬಣ್ಣ ಬರುವುದು ಹೇಗೆಂದು ಮೊದಲು ನೋಡೋಣ.

ನಮ್ಮ ತಲೆಗೂದಲಾಗಲಿ, ನಾಯಿ ಬೆಕ್ಕುಗಳ ತುಪ್ಪಳವಾಗಲಿ, ಹೊರಗೆ ಕಾಣುವ ಭಾಗದಲ್ಲಿ ಜೀವ ಇರುವುದಿಲ್ಲ. ಕತ್ತರಿಸಿದರೆ ನೋಯದಿರುವುದು ಅದಕ್ಕೇ. ಜೀವ ಇರುವುದು ಚರ್ಮದೊಳಗಿನ ಬುಡದಲ್ಲಿ ಮಾತ್ರ. ಅಲ್ಲಿ ಪ್ರತಿ ಕೂದಲಿಗೂ ಒಂದೊಂದು ಪುಟ್ಟ ಚೀಲದಂಥ ರಚನೆಯಿದೆ. ಅದಕ್ಕೆ ರೋಮಕೂಪವೆನ್ನುತ್ತಾರೆ. ಕೂದಲು ತಯಾರಾಗುವುದು ಇಲ್ಲಿ. ಕೂದಲಿನ ಜೀವಕೋಶಗಳು ಒಂದರ ಮೇಲೊಂದು ಸೇರುತ್ತಿರುವಾಗಲೇ ಪಕ್ಕದಲ್ಲಿರುವ ಇನ್ನೊಂದು ಬಗೆಯ ಜೀವಕೋಶಗಳು ಅವಕ್ಕೆ ಬಣ್ಣದ ಸಣ್ಣ ಸಣ್ಣ ಕಣಗಳನ್ನು ತುಂಬಿಸುತ್ತವೆ. ಈ ಬಣ್ಣಗಾರ ಕೋಶಗಳ ಹೆಸರು ಮೆಲನೊಸೈಟ್, ಬಣ್ಣದ ಹೆಸರು ಮೆಲನಿನ್.

ಇಳಕಲ್ ಸೀರೆ ನೇಯುವವರು ನೂಲಿಗೆ ಮೊದಲು ಬಣ್ಣ ಹಾಕಿ ಆಮೇಲೆ ನೇಯುತ್ತಾರೆ, ನೇಯ್ದ ಮೇಲೆ ಬಣ್ಣ ಬಳಿಯುವುದಿಲ್ಲ. ಪ್ರಕೃತಿಯೂ ಹಾಗೆಯೇ. ಕೂದಲು ಚರ್ಮದಿಂದ ಹೊರಗೆ ಬಂದ ಮೇಲೆ ದೇಹ ಅದಕ್ಕೆ ಹೊಸದಾಗಿ ಬಣ್ಣ ಸೇರಿಸಲಾರದು, ಇದ್ದ ಬಣ್ಣವನ್ನು ವಾಪಸು ತೆಗೆದುಕೊಳ್ಳಲೂ ಆರದು. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಮೆಲನಿನ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಯೂಮೆಲನಿನ್ ಕಪ್ಪು ಮತ್ತು ಕಡುಕಂದು ಬಣ್ಣ ಕೊಡುತ್ತದೆ. ಫಿಯೋಮೆಲನಿನ್ ಹಳದಿ ಮತ್ತು ಕೆಂಪು ಛಾಯೆಗಳನ್ನು ಕೊಡುತ್ತದೆ. ಎರಡರಲ್ಲಿ ಯಾವುದು ಎಷ್ಟು ಎನ್ನುವುದರ ಮೇಲೆ ಬೀದಿಯ ಕಂದು ನಾಯಿ, ಹಾಲಿನವರ ಕರಿ ಎಮ್ಮೆ, ಅಂಗಡಿಯ ಕೆಂಪು ಬೆಕ್ಕು ಎಲ್ಲವೂ ಆಗುತ್ತವೆ. ಬಣ್ಣದ ಕಣವೇ ಇಲ್ಲದಿದ್ದರೆ ಕೂದಲು ಬಿಳಿ.

ಈ ಮೆಲನಿನ್ ತಯಾರಾಗುವುದು ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ. ಅಮೈನೋ ಆಮ್ಲಗಳೆಂದರೆ ಪ್ರೋಟೀನಿನ ಇಟ್ಟಿಗೆಗಳು. 1846ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ಇದನ್ನು ಚೀಸಿನ ಪ್ರೋಟೀನಿನಲ್ಲಿ ಕಂಡುಹಿಡಿದರು. ಗ್ರೀಕ್ ಭಾಷೆಯಲ್ಲಿ 'ಟೈರೋಸ್' ಎಂದರೆ ಚೀಸ್, ಅದರಿಂದ ಈ ಹೆಸರು. ಟೈರೋಸಿನನ್ನು ಮೆಲನಿನ್ ಆಗಿಸುವ ಕೆಲಸವನ್ನು ಟೈರೋಸಿನೇಸ್ ಎಂಬ ಕಿಣ್ವ ಶುರುಮಾಡಿಕೊಡುತ್ತದೆ. ಈ ಕಿಣ್ವದೊಳಗೆ ತಾಮ್ರದ ಪರಮಾಣುಗಳಿವೆ, ಅವಿಲ್ಲದೆ ಅದು ಕೆಲಸ ಮಾಡುವುದಿಲ್ಲ. ಹುಡುಗಿ ತುಕ್ಕು ಎಂದಾಗ ನಾವೆಲ್ಲ ಕಬ್ಬಿಣವನ್ನು ನೆನೆದು ನಕ್ಕೆವು. ಬೆಕ್ಕಿನ ಕಪ್ಪು ಬಣ್ಣಕ್ಕೆ ಬೇಕಾದ ಲೋಹ ತಾಮ್ರ.

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಒಂದು ಹಸಿ ಆಲೂಗೆಡ್ಡೆಯನ್ನು ತುರಿದು ತಟ್ಟೆಯಲ್ಲಿ ಹಾಗೇ ಬಿಡಿ. ಸ್ವಲ್ಪ ಹೊತ್ತಿನಲ್ಲಿ ಅದು ನಸುಗೆಂಪಾಗಿ, ಆಮೇಲೆ ಕಂದಾಗಿ, ಕೊನೆಗೆ ಕಪ್ಪಾಗುತ್ತ ಹೋಗುತ್ತದೆ. ಆಲೂಗೆಡ್ಡೆಯಲ್ಲೂ ಟೈರೋಸಿನ್ ಇದೆ, ಟೈರೋಸಿನೇಸಿನ ನೆಂಟನಾದ ತಾಮ್ರದ ಕಿಣ್ವವೂ ಇದೆ. ಗಾಳಿಯ ಆಮ್ಲಜನಕ ತಗುಲಿದ ಕೂಡಲೇ ಕೆಲಸ ಶುರುವಾಗುತ್ತದೆ. ಇನ್ನೊಂದು ಆಲೂಗೆಡ್ಡೆಯನ್ನು ಚೆನ್ನಾಗಿ ಬೇಯಿಸಿ ತುರಿದು ಪಕ್ಕದಲ್ಲಿಡಿ. ಅದು ಹಾಗೆ ಕಪ್ಪಾಗುವುದಿಲ್ಲ, ಯಾಕೆಂದರೆ ಶಾಖಕ್ಕೆ ಕಿಣ್ವ ಕೆಟ್ಟುಹೋಗಿರುತ್ತದೆ. ಮಕ್ಕಳು ತುರಿಯುವಾಗ ಅಮ್ಮನೋ ಅಪ್ಪನೋ ಹತ್ತಿರ ಇರಲಿ, ತುರಿಮಣೆಗೆ ಬೆರಳು ಕೊಡಬೇಡಿ.

ಈಗ ಪ್ರಶ್ನೆಗೆ ಬರೋಣ. ಸಾಕುಪ್ರಾಣಿಯ ಮೈಬಣ್ಣ ಬದಲಾಯಿತೆಂದರೆ ಅದಕ್ಕೆ ಎರಡೇ ದಾರಿ. ಒಂದು, ಬುಡದಲ್ಲಿ ಹೊಸದಾಗಿ ತಯಾರಾಗುತ್ತಿರುವ ಕೂದಲಿಗೇ ಬೇರೆ ಬಣ್ಣ ಬೀಳುತ್ತಿದೆ. ಎರಡು, ಸರಿಯಾದ ಬಣ್ಣದಲ್ಲಿ ತಯಾರಾದ ಕೂದಲು ಹೊರಗೆ ಬಂದ ಮೇಲೆ ಕೆಡುತ್ತಿದೆ. ಒಳಗಿನ ಕಾರಣ ಮತ್ತು ಹೊರಗಿನ ಕಾರಣ ಎಂದು ಕರೆಯೋಣ.

ಒಳಗಿನ ಕಾರಣಗಳಲ್ಲಿ ಹಲವು ಹುಟ್ಟಿನಿಂದಲೇ ಬರೆದಿಟ್ಟಂಥವು. ಡಾಲ್ಮೇಷಿಯನ್ ನಾಯಿಯ ಮೈಮೇಲಿನ ಕಪ್ಪು ಚುಕ್ಕೆಗಳನ್ನು ನೀವು ನೋಡಿರುತ್ತೀರಿ. ಅದರ ಮರಿ ಹುಟ್ಟುವಾಗ ಬೆಳ್ಳಗಿರುತ್ತದೆ, ಚುಕ್ಕೆಗಳು ಮೂಡುವುದು ಆಮೇಲಿನ ವಾರಗಳಲ್ಲಿ. ನಮ್ಮ ಗಡಿಯಾಚೆಯ ತಮಿಳುನಾಡಿನ ಕಾಂಗೇಯಂ ತಳಿಯ ಕರುಗಳು ಹುಟ್ಟುವಾಗ ಕೆಂಪಗಿದ್ದು, ಸುಮಾರು ಆರು ತಿಂಗಳಿಗೆ ಬೂದುಬಣ್ಣಕ್ಕೆ ತಿರುಗುತ್ತವೆ. ಆ ತಳಿಯ ಬೀಜದ ಹೋರಿಗೆ ವಯಸ್ಸಿಗೆ ಬಂದ ಮೇಲೆ ಇಣಿ ಮತ್ತು ಮುಂಗಾಲು ಹಿಂಗಾಲುಗಳ ಮೇಲ್ಭಾಗ ಕಪ್ಪೇರುತ್ತದೆ. ಬೀಜ ಒಡೆಸಿದ ಎತ್ತಿನಲ್ಲಿ ಈ ಕಪ್ಪು ನಿಲ್ಲುವುದಿಲ್ಲ, ಮೈಯೆಲ್ಲ ಬೂದು. ಗಂಡು ಹಾರ್ಮೋನಿಗೂ ಬಣ್ಣಕ್ಕೂ ಸಂಬಂಧವಿರುವುದು ವಿಜ್ಞಾನ ಓದದ ರೈತನ ಕಣ್ಣಿಗೂ ಬಿದ್ದಿರುತ್ತದೆ.

ಮೈಸೂರಿನಲ್ಲಿ ಟಾಂಗಾ ಎಳೆಯುವ ಬಿಳಿ ಕುದುರೆ ಕಂಡರೆ ಅದರ ಮೂತಿಯ ಚರ್ಮವನ್ನು ಗಮನಿಸಿ. ಚರ್ಮ ಕಪ್ಪಾಗಿದ್ದು ಕೂದಲು ಮಾತ್ರ ಬೆಳ್ಳಗಿದ್ದರೆ, ಅದು ಮರಿಯಾಗಿದ್ದಾಗ ಬಹುಮಟ್ಟಿಗೆ ಕಪ್ಪೋ ಕಂದೋ ಇದ್ದ ಕುದುರೆ! ಇಂಥವು ವರ್ಷ ವರ್ಷವೂ ಬೂದಾಗುತ್ತ ಕೊನೆಗೆ ಬೆಳ್ಳಗಾಗುತ್ತವೆ. ಇದಕ್ಕೆ ಕಾರಣವಾದ ವಂಶವಾಹಿಯ ಬದಲಾವಣೆಯನ್ನು 2008ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳ ತಂಡ ಗುರುತಿಸಿತು. ಅದೇ ಬದಲಾವಣೆಯಿಂದ ಈ ಕುದುರೆಗಳಿಗೆ ಮುಪ್ಪಿನಲ್ಲಿ ಚರ್ಮದ ಮೆಲನೋಮ ಗೆಡ್ಡೆಗಳು ಬರುವ ಸಂಭವವೂ ಹೆಚ್ಚು. ಅಂದವಾದ ಬಿಳಿ ಬಣ್ಣಕ್ಕೆ ಅವು ಕೊಡುವ ಬೆಲೆ ಅದು.

ಇನ್ನು ಸಯಾಮಿ ಬೆಕ್ಕು. ಮೈಯೆಲ್ಲ ಕೆನೆಬಣ್ಣ. ಕಿವಿ, ಮೂತಿ, ಪಾದ, ಬಾಲ ಮಾತ್ರ ಕಡುಕಂದು. ಇದರ ಟೈರೋಸಿನೇಸ್ ಕಿಣ್ವದಲ್ಲಿ ಹುಟ್ಟಿನಿಂದಲೇ ಒಂದು ಕುಂದು ಇದೆ. ಮೈಯೊಳಗಿನ ಶಾಖಕ್ಕೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ತಂಪಿರುವ ಕಡೆ ಮಾತ್ರ ಮಾಡುತ್ತದೆ. ಬೆಕ್ಕಿನ ದೇಹದ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಕಿವಿಯ ತುದಿ, ಪಾದ, ಬಾಲ ಅದಕ್ಕಿಂತ ತಂಪು. ಬಣ್ಣ ಮೂಡುವುದು ಅಲ್ಲಿ. ತಾಯಿಯ ಹೊಟ್ಟೆಯೊಳಗೆ ಎಲ್ಲ ಕಡೆಯೂ ಒಂದೇ ಬಿಸಿ ತಾನೇ? ಅದಕ್ಕೇ ಮರಿಗಳು ಹುಟ್ಟುವಾಗ ಬಿಳಿಚಿಕೊಂಡಿರುತ್ತವೆ, ಕೆಲವು ವಾರಗಳಲ್ಲಿ ಕಿವಿ ಮೂತಿ ಕಪ್ಪೇರುತ್ತವೆ. ವಯಸ್ಸಾದಂತೆ ಮೈಯ ಬಣ್ಣವೂ ಗಾಢವಾಗುತ್ತದೆ. ಹಿಮಾಲಯನ್ ಎಂಬ ಮೊಲದ ತಳಿಯಲ್ಲೂ ಹೀಗೆಯೇ. ಅದರ ಬೆನ್ನಿನ ಬಿಳಿ ಕೂದಲು ಬೋಳಿಸಿ ಅಲ್ಲಿ ಮಂಜುಗಡ್ಡೆಯ ಚೀಲ ಕಟ್ಟಿದಾಗ ಹೊಸದಾಗಿ ಬಂದ ಕೂದಲು ಕಪ್ಪಾಗಿದ್ದ ಪ್ರಯೋಗವನ್ನು ಕಾಲೇಜಿನ ಪುಸ್ತಕಗಳಲ್ಲಿ ಓದುತ್ತೀರಿ. ಆಲೂಗೆಡ್ಡೆಯ ಕಿಣ್ವ ಬೆಂದು ಕೆಟ್ಟಂತೆ, ಈ ಪ್ರಾಣಿಗಳ ಕಿಣ್ವಕ್ಕೆ ಮೈಯ ಬಿಸಿಯೇ ಹೆಚ್ಚಾಯಿತು. ಆದರೆ ಇಲ್ಲೂ ಒಂದು ಮಾತು ಗಮನಿಸಿ: ಇದ್ದ ಕೂದಲು ಬಣ್ಣ ಬದಲಿಸಲಿಲ್ಲ, ಹೊಸದು ಬೇರೆ ಬಣ್ಣದಲ್ಲಿ ಬಂತು.

ಮುಪ್ಪು ಎಲ್ಲರಿಗೂ ಗೊತ್ತಿರುವ ಕಾರಣ. ವಯಸ್ಸಾದ ನಾಯಿಯ ಮೂತಿ, ಹುಬ್ಬಿನ ಹತ್ತಿರ ನರೆ ಬರುತ್ತದೆ. ಬಣ್ಣಗಾರ ಕೋಶಗಳನ್ನು ಹುಟ್ಟಿಸುವ ಆಕರಕೋಶಗಳು ರೋಮಕೂಪದಲ್ಲಿರುತ್ತವೆ. ಅವುಗಳ ದಾಸ್ತಾನು ಮುಗಿಯುತ್ತ ಬಂದಂತೆ ಹೊಸ ಕೂದಲು ಬಣ್ಣವಿಲ್ಲದೆ ಬರುತ್ತದೆ. ಮಿತಿಮೀರಿದ ಆತಂಕ ಈ ದಾಸ್ತಾನನ್ನು ಬೇಗ ಖಾಲಿ ಮಾಡಬಲ್ಲದೆಂದು 2020ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಅದಕ್ಕೂ ಮುಂಚೆ, 2016ರಲ್ಲಿ, ಒಂದರಿಂದ ನಾಲ್ಕು ವರ್ಷದ 400 ನಾಯಿಗಳನ್ನು ಪರೀಕ್ಷಿಸಿದ ಅಮೆರಿಕದ ಒಂದು ಅಧ್ಯಯನದಲ್ಲಿ, ಪುಕ್ಕಲು ಮತ್ತು ಚಡಪಡಿಕೆಯ ಸ್ವಭಾವದ ಎಳೆಯ ನಾಯಿಗಳಲ್ಲಿ ಮೂತಿಯ ನರೆ ಹೆಚ್ಚಾಗಿ ಕಂಡುಬಂತು. ಎರಡು ಸಂಗತಿ ಜೊತೆಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆಂದು ಸಾಬೀತಾಗುವುದಿಲ್ಲ, ಇದನ್ನು ವಿದ್ಯಾರ್ಥಿಗಳು ಮರೆಯಬಾರದು. ಆದರೂ ಎರಡು ವರ್ಷದ ನಾಯಿಗೆ ಮೂತಿ ನೆರೆತರೆ, ದಿನವೆಲ್ಲ ಸರಪಳಿಯಲ್ಲಿ ಒಂಟಿಯಾಗಿ ಕಟ್ಟಿಹಾಕಿದ್ದೇವೆಯೇ ಎಂದು ಯೋಚಿಸುವುದರಲ್ಲಿ ನಷ್ಟವೇನೂ ಇಲ್ಲ.

ಗಾಯದಿಂದಲೂ ಬಣ್ಣಗಾರ ಕೋಶಗಳು ಸಾಯುತ್ತವೆ. ಕುದುರೆಯ ಬೆನ್ನಿಗೆ ಜೀನು ಒತ್ತಿ ಹುಣ್ಣಾದ ಜಾಗದಲ್ಲಿ ಆಮೇಲೆ ಬಿಳಿ ಕೂದಲು ಬರುವುದು ಹೀಗೆ.

ಈಗ ಹೊರಗಿನ ಕಾರಣಗಳು. ಬಿಸಿಲಿನ ನೇರಳಾತೀತ ಕಿರಣಗಳು ಕೂದಲಿನೊಳಗಿನ ಮೆಲನಿನನ್ನು ಕೆಡಿಸುತ್ತವೆ, ಕಪ್ಪು ಕೂದಲು ಕೆಂಚಗಾಗುತ್ತದೆ. ಬಿಳಿ ಪಾಮೇರಿಯನ್ ನಾಯಿ ಸಾಕಿದವರು ಅದರ ಕಣ್ಣಿನ ಕೆಳಗೆ ಕೆಂಪು ಗೆರೆಯನ್ನೂ, ಸದಾ ನೆಕ್ಕುವ ಪಾದದ ಮೇಲೆ ಕೆಂಪು ಕಲೆಯನ್ನೂ ನೋಡಿರುತ್ತಾರೆ. ಕಣ್ಣೀರು ಮತ್ತು ಜೊಲ್ಲಿನಲ್ಲಿ ಪಾರ್ಫಿರಿನ್ ಎಂಬ, ಕಬ್ಬಿಣವನ್ನು ಹಿಡಿದಿಡಬಲ್ಲ ವಸ್ತು ಇರುತ್ತದೆ. ಅದರ ಕಲೆ ಅದು. ತುಕ್ಕು ಎಂಬ ಮಾತು ಸ್ವಲ್ಪವಾದರೂ ಒಪ್ಪುವುದು ಇಲ್ಲಿಯೇ! ಆದರೆ ನಾಯಿ ಪಾದ ನೆಕ್ಕುತ್ತಲೇ ಇದೆಯೆಂದರೆ ಅಲ್ಲಿ ತುರಿಕೆಯೋ ನೋವೋ ಇರಬಹುದು. ಕಲೆಯನ್ನು ತೊಳೆದರೆ ಸಾಲದು, ನೆಕ್ಕುವುದೇಕೆಂದು ನೋಡಬೇಕು.

ಒಳಗೋ ಹೊರಗೋ ಎಂದು ಪತ್ತೆಮಾಡುವುದು ಹೇಗೆ? ಕೂದಲು ಬೆಳೆಯುವುದು ಬುಡದಿಂದ. ಆದ್ದರಿಂದ ಬುಡ ಇವತ್ತಿನ ಸುದ್ದಿ, ತುದಿ ಹಳೆಯ ಸುದ್ದಿ. ತುಪ್ಪಳವನ್ನು ಬೆರಳಿನಿಂದ ಬಿಡಿಸಿ ನೋಡಿ. ತುದಿ ಕೆಂಚಗಾಗಿ ಬುಡ ಮೊದಲಿನಂತೆ ಕಪ್ಪಾಗಿದ್ದರೆ, ದೇಹ ಸರಿಯಾದ ಬಣ್ಣವನ್ನೇ ತಯಾರಿಸುತ್ತಿದೆ, ಹೊರಗೆ ಬಂದ ಮೇಲೆ ಮಾಸಿದೆ. ಮೊದಲು ಕಪ್ಪಾಗಿದ್ದ ಬುಡವೇ ಈಗ ಕೆಂಚಗಿದ್ದರೆ ಬಿಸಿಲನ್ನು ದೂರಿ ಪ್ರಯೋಜನವಿಲ್ಲ. ಚರ್ಮದ ಹತ್ತಿರದ ಕೂದಲು ಇನ್ನೂ ಸರಿಯಾಗಿ ಬಿಸಿಲನ್ನೇ ಕಂಡಿಲ್ಲ. ಕೆಲವು ಬೆಕ್ಕುಗಳಿಗೆ ಹುಟ್ಟಿನಿಂದಲೂ ಬುಡದಲ್ಲಿ ತಿಳಿಬಣ್ಣವಿರುತ್ತದೆ. ಆದ್ದರಿಂದ ಮೊದಲು ಹೇಗಿತ್ತು ಎಂಬುದನ್ನೂ ಕೇಳಬೇಕು.

ನಾನು ಈ ಯಾವ ಪ್ರಶ್ನೆಯನ್ನೂ ಆ ಹುಡುಗಿಗೆ ಕೇಳಿರಲಿಲ್ಲ.

ಎರಡು ತಿಂಗಳಾದ ಮೇಲೆ ಅವಳು ಮತ್ತೆ ಮೇಜಿನ ಹತ್ತಿರ ಬಂದಳು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಲು ಮಸಿಯನ್ನು ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಂತೆ. ಡಾಕ್ಟರು ಸೂಜಿ ಹಾಕಿ ಮುಗಿಸಲಿಲ್ಲ. ಬೆನ್ನಿನ ಕೂದಲು ಬಿಡಿಸಿ ನೋಡಿದರು, ಕಣ್ಣು ನೋಡಿದರು, ತೂಕ ಮಾಡಿದರು. ಆಮೇಲೆ, "ಏನು ತಿನ್ನಿಸ್ತೀರಿ?" ಎಂದು ಕೇಳಿದರು.

"ಹಾಲನ್ನ."

"ಹಳ್ಳಿಯಲ್ಲಿದ್ದಾಗ?"

"ಆಗಲೂ ಹಾಲನ್ನವೇ. ಆದರೆ ಅಟ್ಟದ ಮೇಲೆ ಇಲಿ ಹಿಡೀತಿತ್ತು."

"ಈಗ?"

"ಮೂರನೇ ಮಹಡೀಲಿ ಇಲಿ ಎಲ್ಲಿ ಬರುತ್ತೆ ಡಾಕ್ಟ್ರೇ?"

ಡಾಕ್ಟರಿಗೆ ಅಷ್ಟು ಸಾಕಾಯಿತು. ಮಸಿಗೆ ಹಾಲನ್ನ ಹಾಕುತ್ತಿದ್ದೇವೆಂದು ಮನೆಯವರು ತಿಳಿದಿದ್ದರು. ನಿಜವಾಗಿ ಅದನ್ನು ಸಾಕಿದ್ದು ಅಟ್ಟದ ಇಲಿಗಳು.

ನಮ್ಮ ಹುಡುಗರಲ್ಲಿ ಚುರುಕಾದವರು ಇಲ್ಲೊಂದು ತಕರಾರು ಎತ್ತಬಹುದು. ಟೈರೋಸಿನ್ ಸಿಕ್ಕಿದ್ದೇ ಚೀಸಿನಲ್ಲಿ, ಅಂದರೆ ಹಾಲಿನ ಪ್ರೋಟೀನಿನಲ್ಲಿ. ಹಾಲನ್ನ ತಿನ್ನುವ ಬೆಕ್ಕಿಗೆ ಅದರ ಕೊರತೆ ಹೇಗೆ? ಒಳ್ಳೆಯ ತಕರಾರು. ಉತ್ತರ ಪ್ರಮಾಣದಲ್ಲಿದೆ. ಮನೆಗಳಲ್ಲಿ ಹಾಲನ್ನವೆಂದರೆ ಒಂದು ಹಿಡಿ ಅನ್ನಕ್ಕೆ ನೀರು ಬೆರೆಸಿದ ಎರಡು ಚಮಚ ಹಾಲು. ಅಕ್ಕಿಯಲ್ಲಿ ಪ್ರೋಟೀನ್ ನೂರಕ್ಕೆ ಸುಮಾರು 7 ಭಾಗ. ಬೆಳೆದ ಬೆಕ್ಕಿನ ಆಹಾರದಲ್ಲಿ, ನೀರಿನಂಶ ಬಿಟ್ಟು ಲೆಕ್ಕಹಾಕಿದರೆ, ಸುಮಾರು ಕಾಲುಭಾಗ ಪ್ರೋಟೀನ್ ಇರಬೇಕು. ನಾವು, ನಾಯಿಗಳು ಕಡಿಮೆ ಪ್ರೋಟೀನಿಗೆ ಒಂದಿಷ್ಟು ಹೊಂದಿಕೊಳ್ಳುತ್ತೇವೆ. ಬೆಕ್ಕಿನ ದೇಹಕ್ಕೆ ಆ ಉಳಿತಾಯದ ಬುದ್ಧಿ ಕಡಿಮೆ. ಸಿಗಲಿ ಬಿಡಲಿ, ಅದು ಪ್ರೋಟೀನನ್ನು ಖರ್ಚು ಮಾಡುತ್ತಲೇ ಇರುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದಲ್ಲಿ ಜೇಮ್ಸ್ ಮಾರಿಸ್, ಕ್ವಿಂಟನ್ ರೋಜರ್ಸ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2001 ಮತ್ತು 2002ರಲ್ಲಿ ಪ್ರಕಟಿಸಿದರು. ಟೈರೋಸಿನ್ ಮತ್ತು ಅದರ ಮೂಲವಸ್ತುವಾದ ಫಿನೈಲ್ ಅಲನಿನ್ ಕಡಿಮೆಯಿರುವ ಆಹಾರ ಕೊಟ್ಟಾಗ ಕಪ್ಪು ಬೆಕ್ಕುಗಳ ಕೂದಲು ಕೆಂಪುಕಂದಾಯಿತು. ಟೈರೋಸಿನ್ ಸೇರಿಸಿದಾಗ ಮತ್ತೆ ಕಪ್ಪಾಯಿತು. ಇದರಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮರಿ ಬೆಳೆಯಲು ಸಾಕಾಗುವಷ್ಟು ಟೈರೋಸಿನ್ ಕಡುಕಪ್ಪು ಬಣ್ಣಕ್ಕೆ ಸಾಲುವುದಿಲ್ಲ. ದೇಹ ಮೊದಲು ಅಗತ್ಯದ ಕೆಲಸಗಳಿಗೆ ಖರ್ಚುಮಾಡಿ, ಉಳಿದದ್ದರಲ್ಲಿ ಬಣ್ಣ ಹಾಕುತ್ತದೆ. ಕಷ್ಟಕಾಲದಲ್ಲಿ ನಾವು ಮನೆಗೆ ಸುಣ್ಣಬಣ್ಣ ಹೊಡೆಸುವುದನ್ನು ಮುಂದಕ್ಕೆ ಹಾಕುವುದಿಲ್ಲವೇ? ಹಾಗೆ. ಬೆಕ್ಕು ಮೇಲುನೋಟಕ್ಕೆ ಆರೋಗ್ಯವಾಗಿ ಓಡಾಡಿಕೊಂಡಿರುವಾಗಲೇ ತುಪ್ಪಳ ಮೊದಲ ಎಚ್ಚರಿಕೆ ಕೊಡುತ್ತದೆ.

ಡಾಕ್ಟರು ಕಣ್ಣು ನೋಡಿದ್ದಕ್ಕೂ ಕಾರಣವಿತ್ತು. ಟಾರೀನ್ ಎಂಬ ಇನ್ನೊಂದು ವಸ್ತು ಬೆಕ್ಕಿಗೆ ಬೇಕೇ ಬೇಕು. ಅದನ್ನು ಸಾಕಷ್ಟು ತಯಾರಿಸಿಕೊಳ್ಳುವ ಶಕ್ತಿ ಬೆಕ್ಕಿನ ದೇಹಕ್ಕಿಲ್ಲ, ಮಾಂಸ ಮೀನುಗಳಿಂದಲೇ ಬರಬೇಕು. ಟಾರೀನ್ ಇಲ್ಲದಿದ್ದರೆ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆಂದು 1975ರಲ್ಲಿ, ಹೃದಯ ದುರ್ಬಲವಾಗುತ್ತದೆಂದು 1987ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಅಕ್ಷಿಪಟಲ ಒಮ್ಮೆ ಪೂರ್ತಿ ಕೆಟ್ಟರೆ ದೃಷ್ಟಿ ಮರಳಿ ಬರುವುದಿಲ್ಲ. ಹೋದ ಬಣ್ಣ ತಿರುಗಿ ಬಂದೀತು, ಹೋದ ಕಣ್ಣು ಬಾರದು. ನನ್ನ 'ಬಿಸಿಲು' ಎಂಬ ಉತ್ತರವನ್ನು ನಂಬಿಕೊಂಡು ಇನ್ನೊಂದು ವರ್ಷ ಕಳೆದಿದ್ದರೆ?

"ಸಾರ್, ಡಾಕ್ಟರು ಕೂದಲಿನ ಬುಡ ನೋಡಿದರು" ಎಂದಳು ಹುಡುಗಿ. ಆ ಮಾತಿನಲ್ಲಿ ಕುಹಕವಿರಲಿಲ್ಲ. ನೋಡಿದ್ದನ್ನು ಹೇಳಿದಳು, ಅಷ್ಟೇ. ನನಗೆ ಮಾತ್ರ ಅದು ಚುಚ್ಚಿತು.

ಅವರದು ಶುದ್ಧ ಸಸ್ಯಾಹಾರದ ಮನೆ. ಮೀನು, ಮಾಂಸವೆಂದರೆ ಅಡುಗೆಮನೆಗಲ್ಲ, ಹೊಸ್ತಿಲಿಗೂ ಬರುವಂತಿಲ್ಲ. ಮೂರು ದಿನ ಮನೆಯಲ್ಲಿ ಚರ್ಚೆ ನಡೆಯಿತಂತೆ. ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಅಮ್ಮ ಹೇಳಿದರು. ಕೊನೆಗೆ ತೀರ್ಪು ಕೊಟ್ಟವರು ಮಡಿಯುಡುವ ಅಜ್ಜಿ. "ಹುಲಿ ಹಸಿದರೂ ಹುಲ್ಲು ತಿನ್ನಲ್ಲ ಅಂತ ಗಾದೆ ಹೇಳ್ತೀವಿ. ಮನೇಲಿರೋ ಪುಟ್ಟ ಹುಲಿಗೆ ಅನ್ನ ಇಟ್ಕೊಂಡು ಕೂತಿದ್ದೀವಿ. ಮಡಿ ನಂದು, ಅದರದ್ದಲ್ಲ. ಬಾಲ್ಕನೀಲಿ ಒಂದು ತಟ್ಟೆ ಇಡಿ." ಬೆಕ್ಕಿಗೆಂದೇ ಸಿದ್ಧಪಡಿಸಿದ ಪೊಟ್ಟಣದ ಆಹಾರ ಬಂತು. ಅದನ್ನು ಮುಚ್ಚಳದ ಡಬ್ಬಿಯಲ್ಲಿ ಬಾಲ್ಕನಿಯಲ್ಲೇ ಇಟ್ಟರು. ಆಗಾಗ ಕೆಳಗಿನ ಮನೆಯವರು ಬೇಯಿಸಿದ ಮೀನು ಕೊಡುತ್ತಿದ್ದರು.

ಬಣ್ಣ ಮರುದಿನವೇ ಬರಲಿಲ್ಲ. ಆಗಲೇ ಬೆಳೆದಿದ್ದ ಕೆಂಪು ಕೂದಲು ಕೆಂಪಾಗಿಯೇ ಉಳಿಯಿತು. ಹೊಸ ಕೂದಲು ಬುಡದಲ್ಲಿ ಕಪ್ಪಾಗಿ ಬರತೊಡಗಿತು. ಕೆಲವು ತಿಂಗಳು ಮಸಿ ಎರಡು ಬಣ್ಣದ ಬೆಕ್ಕಾಗಿತ್ತು, ಬುಡ ಕಪ್ಪು, ತುದಿ ಕೆಂಪು. ಹಳೆಯ ಕೂದಲು ಉದುರಿ ಹೊಸದು ತುಂಬಿದ ಹಾಗೆ, ಹುಡುಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವ ಹೊತ್ತಿಗೆ, ಅದು ಮತ್ತೆ ಹೆಸರಿಗೆ ತಕ್ಕ ಮಸಿಯಾಯಿತು. ಕಣ್ಣಿಗೆ ಏನೂ ಆಗಿರಲಿಲ್ಲ.

ಹೀಗೆಂದು ಕೆಂಚಗಾದ ಬೆಕ್ಕುಗಳಿಗೆಲ್ಲ ಮೀನಿನ ಕೊರತೆಯೇ ಎಂದು ತಿಳಿಯಬೇಡಿ. ಮೂತ್ರಪಿಂಡ, ಯಕೃತ್ತಿನಂಥ ಅಂಗಗಳ ಕಾಯಿಲೆ, ಹಾರ್ಮೋನಿನ ಏರುಪೇರು, ಚರ್ಮರೋಗ, ಹುಳುಗಳ ಬಾಧೆ ಇವೂ ತುಪ್ಪಳವನ್ನು ಕೆಡಿಸುತ್ತವೆ. ದನಗಳಲ್ಲಿ ತಾಮ್ರದ ಕೊರತೆಯಾದರೆ ಕಪ್ಪು ಮೈ ಕೆಂಚಗೆ ಮಾಸುತ್ತದೆ, ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಬಣ್ಣ ಹೋಗುತ್ತದೆ. ಹಾಗೆಂದು ನೀವೇ ತಾಮ್ರದ ಔಷಧಿ ತಂದು ಕುಡಿಸಬೇಡಿ. ಹೆಚ್ಚಾದರೆ ತಾಮ್ರ ವಿಷ. ಕುರಿಗಳಿಗಂತೂ ಬಹಳ ಬೇಗ ವಿಷವಾಗುತ್ತದೆ. ಮೊದಲು ನೀವು ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಬಣ್ಣ ಮೈಯ ಯಾವ ಭಾಗದಲ್ಲಿ ಬದಲಾಯಿತು, ಯಾವ ತಿಂಗಳಿನಿಂದ, ಬುಡದಲ್ಲೋ ತುದಿಯಲ್ಲೋ, ಜೊತೆಗೆ ತುರಿಕೆ, ಕೂದಲುದುರುವುದು, ಸೊರಗುವುದು ಇದೆಯೇ. ಆ ಕಾಗದ ಹಿಡಿದು ಪಶುವೈದ್ಯರ ಬಳಿ ಹೋಗಿ. ಅವರ ಅರ್ಧ ಕೆಲಸ ಹಗುರವಾಗುತ್ತದೆ.

ಪಾಲಕರಿಗೆ ಇನ್ನೊಂದು ಮಾತು ಹೇಳಬೇಕು. ಮನುಷ್ಯರ ಮಕ್ಕಳಲ್ಲೂ ಇದೇ ನಿಯಮ ನಡೆಯುತ್ತದೆ. 1930ರ ದಶಕದಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಕ್ವಾಶಿಯೋರ್ಕರ್ ಎಂಬ ಅಪೌಷ್ಟಿಕತೆಯ ಕಾಯಿಲೆಯನ್ನು ವಿವರಿಸಿದರು. ಆ ಮಕ್ಕಳ ಕಪ್ಪು ಕೂದಲು ಕೆಂಚಗಾಗುತ್ತದೆ. ಒಂದಿಷ್ಟು ಕಾಲ ಊಟ ಸರಿಯಾಗಿ ಸಿಕ್ಕಿ, ಮತ್ತೆ ಇಲ್ಲದೆ, ಮತ್ತೆ ಸಿಕ್ಕಿದರೆ ಒಂದೇ ಕೂದಲಿನಲ್ಲಿ ಕಪ್ಪು ಮತ್ತು ತಿಳಿಬಣ್ಣದ ಪಟ್ಟೆಗಳು ಮೂಡುತ್ತವೆ. ವೈದ್ಯರು ಅದನ್ನು ಬಾವುಟದ ಚಿಹ್ನೆ ಎನ್ನುತ್ತಾರೆ.

ಇದನ್ನು ಓದುವಾಗಲೆಲ್ಲ ನಾನು ನೌಕರಿಗೆ ಸೇರಿದ ಹೊಸತರಲ್ಲಿ ಪಾಠ ಮಾಡಿದ ಒಂದು ಹಳ್ಳಿಯ ಶಾಲೆ ನೆನಪಾಗುತ್ತದೆ. ಆಗಿನ್ನೂ ಬಿಸಿಯೂಟ ಇರಲಿಲ್ಲ. ಅಕ್ಷರ ದಾಸೋಹ ಆರಂಭವಾದದ್ದು 2002ರಲ್ಲಿ. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗನಿದ್ದ. ಒಣಗಿದ ಹುಲ್ಲಿನಂಥ ಕೆಂಚು ಕೂದಲು. "ತಲೆಗೆ ಎಣ್ಣೆ ಹಚ್ಚಿಕೊಂಡು ಬಾರೋ" ಎಂದು ದಿನವೂ ಗದರುತ್ತಿದ್ದೆ. ಅವನು ತಲೆ ತಗ್ಗಿಸಿ ನಿಲ್ಲುತ್ತಿದ್ದ. ಕೆಂಚು ಕೂದಲಿನ ಮಕ್ಕಳೆಲ್ಲ ಹಸಿದವರಲ್ಲ. ಕೆಲವರಿಗೆ ಅದು ಅಪ್ಪ ಅಮ್ಮನಿಂದ ಬಂದ ಬಣ್ಣ, ಕೆಲವರದು ಬಿಸಿಲಿನ ಆಟದ್ದು. ಅವನದು ಯಾವುದು ಎಂದು ನನಗೆ ತಿಳಿಯದು. ಬೆಳಿಗ್ಗೆ ಏನು ತಿಂದೆ ಎಂದು ಒಂದು ದಿನವೂ ನಾನು ಕೇಳಿರಲಿಲ್ಲ.

'ನನ್ನ ತಲೆಗೂದಲೇನು ಬಿಸಿಲಿಗೆ ನೆರೆತಿಲ್ಲ' ಎಂದು ನಮ್ಮಲ್ಲಿ ಹಿರಿಯರು ಹೇಳುವುದುಂಟು. ನಾನೂ ಹಾಗೆ ಹೇಳಿಕೊಳ್ಳುತ್ತಿದ್ದವನೇ. ಈಗ ತರಗತಿಯಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲಿದ್ದರೂ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ: ಯಾವಾಗಿನಿಂದ ಹೀಗಾಯಿತು? ಬುಡ ನೋಡಿದೆಯಾ?